ಯಾರೂ ಬರೆಯದ ಪದ

ಮಾಘದ ಎಳೆಬಿಸಿಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ, ಪೇಟೆಯಲ್ಲೇ ಬೆಳೆದ ಮೊಮ್ಮಗ ಶಿವನಂಜ ಬಂದು ಕೂತ. ಅವನು ಕಥೆಗಾರ. ಮದುವೆಗೆ ಹೂಂ ಅನ್ನದೆ ಸತಾಯಿಸುತ್ತಿದ್ದ ಹುಡುಗಿಯನ್ನೇ ನಾಯಕಿ ಮಾಡಿ ಕಥೆ ಹೊಸೆಯುತ್ತಿದ್ದ.

“ಅಜ್ಜೀ, ಚೆಲುವೆಯನ್ನ ಬಣ್ಣಿಸೋಕೆ ಯಾರೂ ಬರೀದಿರೋ ಪದ ಬೇಕು.”

ಅಜ್ಜಿ ಕಣ್ಣು ಮುಚ್ಚಿ ನೆನಪು ಕೆದಕಿದಳು. “ಸುಳಿಶುದ್ಧ. ಗಂಗೆದೊಗಲಿನ ಕೊರಳು. ಮಿರಮಿರ ಮಿಂಚೋ ಮೈ. ನಿಮ್ ತಾತ ದಿನಾ ಹಿಂಗೇ ಹೊಗಳೋರು.”

“ನಿನ್ನನ್ನಾ ಅಜ್ಜಿ?”

“ನನ್ನ ಎಲ್ ಹೊಗಳೋರು ಮಗಾ...”

ಅಷ್ಟರಲ್ಲಿ ಅವನು ಎದ್ದು ಹೋಗಿಯಾಗಿತ್ತು.

ಭಾನುವಾರ ಹುಡುಗಿಯ ಮನೆಯಲ್ಲಿ, ಅಜ್ಜಿಯ ಪದಗಳನ್ನೆಲ್ಲ ಪೋಣಿಸಿದ ಕಥೆಯನ್ನು ರಾಗವಾಗಿ ಓದಿದ. ಹುಡುಗಿ ನಾಚಿ ಕೆಂಪಾದಳು. ದನದ ವ್ಯಾಪಾರಿಯಾದ ಅವಳಪ್ಪ ತಲೆದೂಗಿ, ಹತ್ತಿರ ಸರಿದು ಕೇಳಿದ:

“ಒಳ್ಳೆ ಹಸ ಕಣಪ್ಪಾ. ಹೊತ್ತಿಗೆ ಹಾಲೆಷ್ಟು ಕೊಡ್ತದೆ?”