ಇಲ್ಲದ ದೋಷ

"ನನ್ ಮಗಳಿಗೆ ಕುಜದೋಷ ಇತ್ತ್ ಅಂದೇಳಿ ಹೇಳಿದ್ದ್ ನೀನೆಯಾ?"

ಬಾಗಿಲಲ್ಲಿ ನಿಂತ ಹೆಂಗಸಿನ ಪ್ರಶ್ನೆ ಕೇಳಿ ತುಂಗಾಳಿಗೆ ನಗು ಬಂತು. ಕುಂದಾಪುರದ ಬಟ್ಟೆ ಅಂಗಡಿಯ ಮೇಲಿನ ಆ ಪುಟ್ಟ ಆಫೀಸಿನಲ್ಲಿ ಅವಳು ಜಾತಕದ ಪ್ರೋಗ್ರಾಮ್ ಬರೆಯುವವಳು, ಜಾತಕ ನೋಡುವವಳಲ್ಲ. ಹೆಂಗಸು ಮಾತ್ರ ನಗಲಿಲ್ಲ. ಶಂಕರನಾರಾಯಣದ ಉಮಾವತಿ ಎಂದು ಹೆಸರು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಮಗಳು ಪ್ರಫುಲ್ಲಾಳಿಗೆ ಸಾಲಿಗ್ರಾಮದ ಶ್ರೀಶ ಎಂಬ ಹುಡುಗನ ಸಂಬಂಧ ಕೂಡಿ ಬಂದಿತ್ತು. ಹುಡುಗನೂ ಒಪ್ಪಿದ್ದ, ಹುಡುಗಿಯೂ ಒಪ್ಪಿದ್ದಳು. ಸಾಲಿಗ್ರಾಮದ ಜೋಯಿಸರು ಕಂಪ್ಯೂಟರಿನಲ್ಲಿ ನೋಡಿ ಹೆಣ್ಣಿಗೆ ಕುಜದೋಷ ಅಂದರು. ಮಾತು ಅಲ್ಲಿಗೇ ಮುರಿಯಿತು. ಸುದ್ದಿ ಹಬ್ಬಿ, ಆಮೇಲೆ ಬಂದವರೆಲ್ಲ ಜಗಲಿಯಿಂದಲೇ ತಿರುಗಿ ಹೋದರು. ಈಗ ಊರ ಭಟ್ಟರು ಕೈಯಲ್ಲಿ ಗುಣಿಸಿ ನೋಡಿದರೆ ದೋಷವೇ ಇಲ್ಲ!

"ಜೋಯಿಸ್ರ ಹತ್ರ ಕೇಂಡ್ರೆ, ಪ್ರೋಗ್ರಾಮ್ ಮಾಡಿದರ್ನೇ ಕೇಣಿ ಅಂದ್ರ್. ಅದ್ಕೇ ಬಂದದ್."

"ಕಂಪ್ಯೂಟರಂಗೆ ಹಾಂಗೆಲ್ಲ ತಪ್ಪಾತಿಲ್ಲೆ ಅಮ್ಮ. ಹುಟ್ಟಿದ್ದ್ ಯಾವಾಗ ಹೇಳಿ, ನಿಮ್ಮೆದ್ರೇ ಕಾಂಬ."

ಉಮಾವತಿ ತಾರೀಕು ಹೇಳಿದಳು. ಹೊತ್ತು, ರಾತ್ರಿ ಹನ್ನೆರಡೂವರೆ. ತುಂಗಾ ಸಲೀಸಾಗಿ ಒತ್ತಿದಳು, ಕುಂಡಲಿ ಮೂಡಿತು. ಹೌದು, ಕುಜದೋಷ. 'ನೋಡಿ' ಎಂದು ತೋರಿಸಲು ಎತ್ತಿದ ಬೆರಳು ಹಾಗೆಯೇ ನಿಂತಿತು. ನಡುರಾತ್ರಿ ಹುಟ್ಟಿದವಳ ಕುಂಡಲಿಯಲ್ಲಿ ಸೂರ್ಯ ನೆತ್ತಿಯ ಮೇಲಿದ್ದ.

ಪ್ರೋಗ್ರಾಮ್ ತೆರೆದು ನೋಡಿದಳು. ಒಂದೇ ಒಂದು ಸಾಲು ಬಿಟ್ಟುಹೋಗಿತ್ತು. ರಾತ್ರಿ ಹನ್ನೆರಡರಿಂದ ಒಂದರೊಳಗೆ ಹುಟ್ಟಿದವರನ್ನೆಲ್ಲ ಅವಳ ಪ್ರೋಗ್ರಾಮ್ ಮಟಮಟ ಮಧ್ಯಾಹ್ನ ಹುಟ್ಟಿದವರೆಂದು ಎಣಿಸುತ್ತಿತ್ತು. ಲಗ್ನ ತಿರುವುಮುರುವಾಗಿ, ಕುಜ ತನ್ನದಲ್ಲದ ಮನೆಗೆ ಹೋಗಿ ಕೂತಿದ್ದ. ತುಂಗಾ ಕೆಲಸಕ್ಕೆ ಸೇರಿ ಅವತ್ತಿಗೆ ಸರಿಯಾಗಿ ಒಂದು ವರ್ಷ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಜೋಯಿಸರ ಮನೆಗಳಿಗೆಲ್ಲ ಅವಳ ಸಿ.ಡಿ. ಹೋಗಿದೆ, ಒಂದು ದೂರೂ ಬಂದಿಲ್ಲ ಎಂದು ಯಜಮಾನ ಸುಧಾಕರ ಬೆಳಿಗ್ಗೆಯಷ್ಟೇ ಎಲ್ಲರಿಗೂ ಗೋಳಿಬಜೆ ತರಿಸಿದ್ದ.

ಬೆನ್ನ ಹಿಂದೆ ನಿಂತು ಎಲ್ಲ ನೋಡಿದ ಅದೇ ಸುಧಾಕರ ಈಗ ಅವಳನ್ನು ಮೂಲೆಗೆ ಕರೆದು ಪಿಸುಗುಟ್ಟಿದ. "ಬಾಯಿ ಬಿಡ್ಬೇಡ ಮಾರಾಯ್ತಿ. ಎಲ್ರಿಗೂ ಹೊಸ ಸಿ.ಡಿ. ಕೊಟ್ರಾಯ್ತ್. ಆ ಹೊತ್ತಂಗೆ ಹುಟ್ಟಿದರ್ ಎಷ್ಟ್ ಜನ ಇರ್ತ್ರ್?"

ಆ 'ಎಷ್ಟು ಜನ'ದಲ್ಲಿ ಒಬ್ಬಳ ತಾಯಿ ಎದುರಿಗೇ ಕೂತಿದ್ದಳು. ತುಂಗಾ ಹೋಗಿ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಉಮಾವತಿ ಬಯ್ಯಲಿಲ್ಲ. "ಈಗ ನಾನ್ ಹೋಯಿ ದೋಷ ಇಲ್ಲೆ ಅಂದ್ರೆ, ಜಾತಕ ತಿದ್ಸ್ಕಂಡ್ ಬಂದಿತ್ ಅಂತ್ರ್ ಮಗಾ," ಅಂದಳು.

"ನಾನೂ ಬತ್ತೆ. ನಾನೇ ಹೇಳ್ತೆ."

ಬಸ್ಸಿನಲ್ಲಿ ಕೋಟೇಶ್ವರ ದಾಟಿದ್ದು, ಕೋಟ ದಾಟಿದ್ದು ತುಂಗಾಳಿಗೆ ತಿಳಿಯಲಿಲ್ಲ. ಹೇಳಬೇಕಾದ ಮಾತನ್ನೇ ಮತ್ತೆ ಮತ್ತೆ ಜೋಡಿಸಿಕೊಳ್ಳುತ್ತಿದ್ದಳು. ಸಾಲಿಗ್ರಾಮದಲ್ಲಿ ಇಳಿದು ಶ್ರೀಶನ ಮನೆಯ ಬೇಲಿಯ ದಣಪೆ ದಾಟಿದರೆ, ಅಂಗಳದ ತುಂಬ ಚಪ್ಪರ. ಇಬ್ಬರು ಆಳುಗಳು ಏಣಿ ಹತ್ತಿ ಸೋಗೆ ಕಟ್ಟುತ್ತಿದ್ದರು.

ಉಮಾವತಿ ಅವಳ ಕೈ ಹಿಡಿದೆಳೆದಳು. "ಹೋಪ ಮಗಾ. ಹೇಳೂದ್ ಬ್ಯಾಡ."

ಅಷ್ಟರಲ್ಲಿ ಜಗಲಿಯಿಂದ ಹುಡುಗನ ತಂದೆ ಹಿರಿಯಣ್ಣ ನೋಡಿಬಿಟ್ಟ. "ಹ್ವಾಯ್, ಉಮಾವತಿಯಮ್ಮ ಅಲ್ದಾ? ಬನಿ, ಬನಿ..." ಅವನ ದನಿ ಅಲ್ಲಿಗೇ ಇಳಿಯಿತು. "ನಾಡ್ದಿಗೆ ನಮ್ ಶ್ರೀಶನ್ ಮದಿ. ನಿಮ್ಗ್ ಹೇಳೂಕೆ ಮುಖ ಇಲ್ದೆ ಹೋಯ್ತ್."

ಪ್ರಫುಲ್ಲಾಳ ಮದುವೆ ಹೇಗೂ ತಪ್ಪಿತು, ಹುಡುಗಿಯ ಮೇಲಿನ ಅಪವಾದವಾದರೂ ತೊಲಗಲಿ ಅನ್ನಿಸಿತು ತುಂಗಾಳಿಗೆ. "ಪ್ರಫುಲ್ಲಾಗೆ ಕುಜದೋಷ ಇಲ್ಲೆ," ಎಂದು ಅಂಗಳದಲ್ಲಿ ನಿಂತೇ ಹೇಳಿಬಿಟ್ಟಳು. "ರಾತ್ರಿ ಹುಟ್ಟಿದರ್ನ ಕಂಪ್ಯೂಟರ್ ಮಧ್ಯಾಹ್ನ ಹುಟ್ಟಿದ್ದ್ ಅಂದೇಳಿ ತೋರ್ಸಿತ್ತ್. ತಪ್ಪ್ ನಂದ್. ಆ ಪ್ರೋಗ್ರಾಮ್ ಬರ್ದದ್ ನಾನೇ."

ಹಿರಿಯಣ್ಣ ಜಗಲಿಯಿಂದ ಇಳಿದ. ಅವನ ಕಣ್ಣು ಉಮಾವತಿಯ ಕಡೆ ಹೋಗಲಿಲ್ಲ, ಚಪ್ಪರದ ಕಡೆ ಹೋಯಿತು.

"ಹಾಂಗಾರೆ... ಈಗ ಬಪ್ಪು ಹೆಣ್ಣಿನ್ ಜಾತಕವೂ ಅದೇ ಕಂಪ್ಯೂಟರಂಗೇ ಕಂಡದ್. ಅದೂ ರಾತ್ರಿ ಹೊತ್ತಿಗೇ ಹುಟ್ಟಿದ್ದ್ ಅಂಬ್ರ್. ಅದ್ರದ್ದ್ ಸರಿ ಇತ್ತಾ?"

ಏಣಿಯ ಮೇಲಿನ ಆಳುಗಳ ಕೈ ನಿಂತಿತು. ರಾತ್ರಿ ಎಷ್ಟು ಗಂಟೆಗೆ ಎಂದು ತುಂಗಾ ಕೇಳಬೇಕು. ಕೇಳಿ, ಅದೇ ಹೊತ್ತಾಗಿದ್ದರೆ?

"ಅದ್ರದ್ದ್ ಸರಿ ಇತ್ತ್," ಅಂದವಳು ಉಮಾವತಿ, ತುಂಗಾಳತ್ತ ಕೈ ತೋರಿಸಿ. "ಈ ಹೆಣ್ ಎಲ್ಲಾ ಜಾತಕ ಕಂಡೇ ಬಂದದ್. ತಪ್ಪಾದ್ ನಮ್ದೊಂದೇ. ಅದ್ನ ಹೇಳಿ ಹೋಪ ಅಂದೇಳಿ ಬಂದದ್, ಅಷ್ಟೇ."

ಹಿರಿಯಣ್ಣ ತುಂಗಾಳ ಮುಖ ನೋಡಿದ. ತುಂಗಾ ಹೌದೆಂದು ತಲೆಯಾಡಿಸಿದಳು.

ಇಬ್ಬರೂ ಹೆದ್ದಾರಿಗೆ ಬಂದರು. ಬಸ್ಸಿಗೆ ಕಾಯುವಾಗ ತುಂಗಾ ತಡೆಯಲಾರದೆ ಕೇಳಿದಳು. "ಅಮ್ಮ, ಆ ಹೆಣ್ ಹುಟ್ಟಿದ್ ಹೊತ್ತ್ ನಿಮ್ಗ್ ಗೊತ್ತಿತ್ತಾ?"

"ನಂಗೆಂತ ಗೊತ್ತ್?" ಉಮಾವತಿ ಬಸ್ಸು ಬರುವ ದಿಕ್ಕಿಗೇ ನೋಡುತ್ತಿದ್ದಳು. "ಅದ್ರ ಅಮ್ಮ ಈಗ ಮಗಳ್ ಮದಿ ಸೀರಿ ಮಡ್ಚಿ ಪೆಟ್ಟಿಗಿಗ್ ಹಾಕ್ತಾ ಇರತ್ತ್."