ಬಿಳಿಗಾಲಿಯ ಗುರುತು

ಇದು ಜಿಂಕೆಯದೇ ಇರಬೇಕು. ಅಲ್ಲದಿದ್ದರೆ? ಅಂಗೈ ಮೇಲಿನ ಐದು ಒಣ ಹಿಕ್ಕೆಗಳನ್ನು ವೇಣು ಮತ್ತೊಮ್ಮೆ ಉರುಳಿಸಿ ನೋಡಿದ. ಪುಸ್ತಕದ ಚಿತ್ರದಲ್ಲಿ ಒಂದು ತುದಿ ಚೂಪಾಗಿತ್ತು. ಇವುಗಳಲ್ಲಿ ಎರಡು ಚೂಪು, ಮೂರು ಗುಂಡಗೆ. ಎರಡನ್ನು ನಂಬಬೇಕೋ ಮೂರನ್ನೋ ಎಂದು ಯೋಚಿಸುತ್ತಲೇ ಅವನು ನೆಲಕ್ಕೆ ಇನ್ನೊಂದು ಕೆಂಪು ಬಾವುಟ ನೆಟ್ಟ. ಅದು ಮೂವತ್ತೇಳನೆಯದು.

ನಾಳೆ ಬೆಳಿಗ್ಗೆ ಅಜ್ಜಂಪುರದ ಆಚೆಯ, ಕಾವಲು ಎಂದು ಕರೆಯುವ ಈ ಹುಲ್ಲುಗಾವಲಿನಲ್ಲಿ ಜಿಂಕೆಗಳ ಎಣಿಕೆ. ಎಲ್ಲಿ ಅಡಗಿ ಕೂತರೆ ಅವು ಕಾಣುತ್ತವೆ ಎಂದು ಇವತ್ತೇ ಜಾಗ ಗುರುತಿಸಿಡುವುದು ವೇಣುವಿನ ಕೆಲಸ. "ಕಾವಲು ಗೊತ್ತಿದೆ ತಾನೆ?" ಎಂದು ಎಣಿಕೆಯ ಮುಖ್ಯಸ್ಥೆ ಮಾಯಾ ಮೇಡಂ ಕೇಳಿದಾಗ ಅವನು ಸುಮ್ಮನಿದ್ದ. ಅದನ್ನೇ ಅವರು ಹೌದು ಎಂದುಕೊಂಡಿದ್ದರು. ನಾಳೆ ಒಂದು ಜಿಂಕೆಯೂ ಕಾಣದಿದ್ದರೆ, ಎಂಎಸ್ಸಿ ಓದಿದ ವೇಣು ಮತ್ತೆ ಕಡೂರಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರಬೇಕಿತ್ತು.

"ಏನಪ್ಪಾ, ಬಾವುಟ ನೆಡ್ತಿದೀಯಾ? ಎಲೆಕ್ಷನ್ ಬಂತಾ?"

ಪೊದೆಯ ಹಿಂದಿನಿಂದ ಬಂದ ಹೆಂಗಸಿನ ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇತ್ತು.

"ಇಲ್ಲಮ್ಮಾ, ಜಿಂಕೆ ಹಿಕ್ಕೆ ಇರೋ ಕಡೆ ಗುರುತು ಮಾಡ್ತಿದೀನಿ."

ಅವಳು ಬಗ್ಗಿ ನೋಡಿದಳು. ಕದಿರು ನಿಂತಿತು, ನಗು ಶುರುವಾಯಿತು.

"ಅಯ್ಯೋ ನಿನ್ ಓದಿಗಿಷ್ಟು! ಇದು ಈ ಹಾಲಮ್ಮನ ಕುರಿದು ಕಣೋ. ದಾರಿ ಉದ್ದಕ್ಕೂ ಉದುರಿಸ್ಕೊಂಡು ಹೋಗ್ಯವೆ ನೋಡು. ನಲವತ್ತು ಕುರೀಲಿ ಯಾವುದರದ್ದು ಅಂತಾನೂ ಹೇಳ್ತೀನಿ. ಇಗೋ, ಒಂದಕ್ಕೊಂದು ಅಂಟ್ಕೊಂಡು ಉಂಡೆ ಆಗೈತಲ್ಲ, ಇದು ಬಿಳಿಗಾಲಿದು. ಗಬ್ಬ ಐತೆ, ಹಸಿರು ಕಂಡ್ರೆ ಸಾಕು, ಬಾಯಿ ಹಾಕ್ಬಿಡ್ತದೆ."

"ಮತ್ತೆ ಜಿಂಕೆದು?"

"ಬಾ ಇಲ್ಲಿ," ಎಂದು ಅವಳು ದಿಣ್ಣೆ ಹತ್ತಿದಳು. ಅಲ್ಲಿ ಬೋಳು ನೆಲದ ಮೇಲೆ ಮೊರದಗಲ ಹಿಕ್ಕೆಯ ಗುಡ್ಡೆ. ಅಡಿಯಲ್ಲಿದ್ದದ್ದು ಬೂದಿಬಣ್ಣಕ್ಕೆ ತಿರುಗಿತ್ತು, ಮೇಲಿನದು ಇನ್ನೂ ಮಿರುಗುತ್ತಿತ್ತು. "ಕರೀ ಗಂಡು ಒಂದೈತೆ. ದಿನಾ ಬೆಳಿಗ್ಗೆ ಇಲ್ಲಿಗೇ ಬತ್ತದೆ, ಒಂದಿನಾನೂ ತಪ್ಪಿಸಲ್ಲ. ಇಲ್ಲಿ ಹಾಕಿದ್ರೆ ಈ ಜಾಗ ನಂದು ಅಂತ ಅದರ ಲೆಕ್ಕ. ಅದಕ್ಕೆ ಖಾತೆ, ಪಹಣಿ ಎಲ್ಲಾ ಇದೇ."

ವೇಣು ಜೋರಾಗಿ ನಕ್ಕ. ಆಮೇಲೆ ನಿಧಾನಕ್ಕೆ ಕೇಳಿದ: "ಹಾಗಾದ್ರೆ ನಿಮ್ಮ ಕುರಿ ಕಾವಲೊಳಗೆ ಬಂದಿದ್ವಾ ಅಮ್ಮಾ?"

ಹಾಲಮ್ಮ ನಾಲಿಗೆ ಕಚ್ಚಿಕೊಂಡಳು. ಎಣಿಕೆ ಮುಗಿಯುವವರೆಗೆ ಕಾವಲಿಗೆ ಕುರಿ ಬಿಡಬಾರದು, ಬಿಟ್ಟರೆ ಹಿಡಿದು ದೊಡ್ಡಿಗೆ ಹಾಕುತ್ತೇವೆ ಎಂದು ಹದಿನೈದು ದಿನದಿಂದ ಆಟೋಗೆ ಮೈಕ್ ಕಟ್ಟಿ ಊರೂರಲ್ಲಿ ಸಾರುತ್ತಿದ್ದರು.

"ಬಂದಿದ್ವು ಅಂತ ಯಾರಂದ್ರು?"

"ನೀವೇ. ಹೆಸರು ಹಿಡಿದು ಹೇಳಿದ್ರಿ."

"ಥೂ, ನನ್ ಬಾಯಿಗಿಷ್ಟು! ನಮ್ ಕುರಿದನ್ನ ಜಿಂಕೆದು ಅಂದ್ಬಿಟ್ಯಲ್ಲಪ್ಪಾ, ತಡ್ಕಳಕ್ಕಾಗ್ಲಿಲ್ಲ." ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ವೇಣು ದಿಣ್ಣೆ ಇಳಿದು ಬಾವುಟಗಳನ್ನು ಒಂದೊಂದಾಗಿ ಕೀಳತೊಡಗಿದ. ಹತ್ತನೆಯದಕ್ಕೆ ಬರುವ ಹೊತ್ತಿಗೆ ಅವಳೂ ಬಂದು ಕೈಹಾಕಿದಳು.

ಮರುದಿನ ಬೆಳಿಗ್ಗೆ ದಿಣ್ಣೆಯ ಪಕ್ಕದ ಪೊದೆಯ ಮರೆಯಲ್ಲಿ ಮಾಯಾ ಮೇಡಂ ಉಸಿರು ಬಿಗಿಹಿಡಿದು ಕೂತಿದ್ದರು. ಸುರುಳಿ ಕೊಂಬಿನ ಕರೀ ಗಂಡು ಬಂತು, ಗುಡ್ಡೆಯ ಮೇಲೆ ಗತ್ತಿನಿಂದ ನಿಂತು ಆ ದಿನದ ಕಂದಾಯ ಕಟ್ಟಿತು. ಅದರ ಹಿಂದೆ ಹತ್ತೊಂಬತ್ತು ಹೆಣ್ಣು, ನಾಲ್ಕು ಮರಿ.

"ಭೇಷ್ ವೇಣು," ಎಂದು ಅವರು ಪಿಸುಗುಟ್ಟಿದರು. "ಮುಂದಿನ ಎಣಿಕೆಗೂ ಜಾಗ ನೀವೇ ನೋಡಿ."

ವಾಪಸು ಬರುವಾಗ ಅವರ ಬೂಟು ಏನನ್ನೋ ತುಳಿಯಿತು. "ಇದು ಕುರಿದಲ್ವಾ? ಕಾವಲೊಳಗೆ ಯಾರದ್ರೀ ಕುರಿ?"

ದೂರದಲ್ಲಿ, ಗಡಿಕಲ್ಲಿನ ಆಚೆ, ಹಾಲಮ್ಮನ ಕುರಿಗಳು ಮೇಯುತ್ತಿದ್ದವು. ಅವಳ ಕದಿರು ನಿಂತಿತ್ತು.

ವೇಣು ಬಗ್ಗಿ ಎತ್ತಿಕೊಂಡ. ಒಂದಕ್ಕೊಂದು ಅಂಟಿಕೊಂಡ ಉಂಡೆ. ಇನ್ನೂ ಪೂರ್ತಿ ಒಣಗಿರಲಿಲ್ಲ.

"ಹೋಗ್ಲಿ ಬಿಡಿ," ಎಂದರು ಮೇಡಂ. "ಹಿಕ್ಕೆ ನೋಡಿ ಯಾರ ಕುರಿ ಅಂತ ಹೇಳೋಕೆ ಯಾರಿಂದ ತಾನೇ ಆಗುತ್ತೆ?"

ಅದು ಹಾಲಮ್ಮನ ಬಿಳಿಗಾಲಿಯದು ಎಂದು ವೇಣು ಹೇಳಲಿಲ್ಲ.