ಗೌಡರ ಅರವತ್ತು

ದೊಡ್ಡಬಸಪ್ಪ ಗೌಡ ಕಟ್ಟೆಯ ಮೇಲೆ ಕುಳಿತು, ಬೆಳಗಿನಿಂದ ಬಲಗಾಲು ಮುಂದೆ ಚಾಚಿಯೇ ಇದ್ದ. ತನಗೆ ಅರವತ್ತು ತುಂಬಿತು, ಕಿರಿಯರೆಲ್ಲ ಬಂದು ಕಾಲಿಗೆ ಬೀಳತಕ್ಕದ್ದು ಎಂದು ಊರಲ್ಲಿ ಡಂಗುರ ಹೊಡೆಸಿದ್ದ. ಬಾಗದ ಬೆನ್ನುಗಳನ್ನು ತಳವಾರ ಒತ್ತಿ ಬಾಗಿಸುತ್ತಿದ್ದ.

"ಅರವತ್ತು ಖರೇನ ತುಂಬ್ಯಾವೇನ್ರಿ? ಬರದಿಟ್ಟಾರ ಯಾರು?" ಎಂದು ಆಶೀರ್ವಾದಕ್ಕೆ ಬಂದಿದ್ದ ಮಠದ ಅಯ್ಯನವರು ಕೇಳಿದರು.

"ಬರಿಯೂದ್ಯಾಕ್ರಿ? ನಮ್ಮ ಕೊಟ್ಟಗಿ ಕಸಾ ಬಳಿಯೂ ಗಾಳಿ ಅದಾಳ. ಇಬ್ರೂ ಧಾತು ಸಂವತ್ಸರದಾಗ ಹುಟ್ಟೀವಿ. ಏ ಗಾಳಿ, ಹೇಳ ಬಾ."

ಗಾಳೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. "ಖರೇ ಐತ್ರಿ ಅಯ್ಯನೋರ. ಅದ ಧಾತು ಅರವತ್ತು ವರ್ಷಕ್ಕ ಈಗ ತಿರುಗಿ ಬಂದೈತಿ. ನಾ ಹುಟ್ಟಿ ಎಂಟ ದಿನಕ್ಕ ಗೌಡ್ರು ಹುಟ್ಯಾರ. ಅವರವ್ವಗ ಹಾಲ ಇರಲಿಲ್ಲ. ನಮ್ಮವ್ವನ ಎದಿಯಾಗ ನನ್ನ ಪಾಲಿನ ಹಾಲು ಕುಡದ ಬೆಳದಾರ."

"ಹಂಗಾರ ಈಕಿ ನಿಮಗಿಂತ ಹಿರ್ಯಾಕಿ ಆದ್ಲು," ಎಂದರು ಅಯ್ಯನವರು. "ಮೊದಲ ನೀವು ಈಕಿ ಕಾಲಿಗೆ ಬೀಳ್ಬೇಕು ಗೌಡ್ರ."

ಜನ ನಗು ತಡೆಯಲು ಕೆಮ್ಮಿದರು. ಅಯ್ಯನವರ ಮಾತು ಮೀರಲಾಗದೆ ಗೌಡ ಕಟ್ಟೆಯಿಳಿದ. ಹೊಟ್ಟೆ ಅಡ್ಡ ಬಂದರೂ ಕಷ್ಟಪಟ್ಟು ಬಾಗಿ ಕೈ ಮುಂದೆ ಮಾಡಿದ. ಗಾಳೆಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ್ರಿ ಗೌಡ್ರ. ಈಗಷ್ಟ ಕಾಲು ತೊಳಕೊಂಡ ಬಂದೀನಿ."